ಅಮೋಸ್ ಟಾರ್ವರ್ ಚೀಫ್ ಆದನೆಂದು ಮಡಚಿಟ್ಟ ಕುರ್ಚಿಗಳು

ಅಮೋಸ್ ಟಾರ್ವರ್ ಎಂಬ ಹೆಸರು ವಿಲೆಟಾಳ ಕಿವಿಗೆ ಮೊದಲ ಸಲ ಬಿದ್ದಾಗ ಆ ಕಿವಿಯನ್ನು ಪರ್ಲೀನ್ ಮಡಚಿ ಹಿಡಿದುಕೊಂಡಿದ್ದಳು. ಪರ್ಲೀನಳ ಅಡುಗೆಮನೆಯೇ ಅವಳ ಅಂಗಡಿ. ಒಲೆಯ ಮೇಲೆ ಕಬ್ಬಿಣದ ಬಾಚಣಿಗೆ ಕಾಯುತ್ತಿತ್ತು. ಭಾನುವಾರದ ಚರ್ಚಿಗೆ ಗುಂಗುರು ಕೂದಲು ನೆಟ್ಟಗಾಗಬೇಕೆಂದರೆ ಆ ಒಲೆಯ ಪಕ್ಕ ಕತ್ತು ಬಗ್ಗಿಸಿ ಕೂರಬೇಕು, ಕಿವಿ ಸುಡಬಾರದೆಂದರೆ ಅದನ್ನು ಪರ್ಲೀನಳ ಕೈಗೆ ಒಪ್ಪಿಸಿ ಸುಮ್ಮನಿರಬೇಕು.

"ಕೇಳಿದ್ಯೇನೇ? ನಮ್ಮೋನೊಬ್ಬನ್ನ ಪೊಲೀಸ್ನೋರು ತಗೊಂಡ್ರಂತೆ," ಎಂದಳು ಪರ್ಲೀನ್.

"ಅದೇನು ಹೊಸದು? ವಾರಾ ವಾರಾ ತಗೊಂಡು ಹೋಗ್ತಾನೇ ಇರ್ತಾರೆ."

"ಹಿಡ್ಕೊಂಡು ಹೋಗೋದಲ್ವೇ ಮಾರಾಯ್ತಿ, ಕೆಲಸಕ್ಕೆ! ಟೋಪಿ, ಬಿಲ್ಲೆ, ಪಿಸ್ತೂಲು ಎಲ್ಲಾ ಕೊಟ್ಟಿದ್ದಾರೆ. ಟಾರ್ವರ್ ಮನೆ ಅಮೋಸ್ ಅಂತೆ. ದೀಪದ ಕಂಬದ ಹಂಗೆ ಉದ್ದಕ್ಕಿದ್ದಾನಲ್ಲ, ಅವನು. ಅವನ ಅಳತೆ ಪ್ಯಾಂಟು ಇಲ್ಲ ಅಂತ ಮೊಣಕಾಲಿಗೂ ಪಾದಕ್ಕೂ ಮಧ್ಯ ನಿಲ್ಲೋದೊಂದನ್ನ ಹಾಕಿಸಿದ್ದಾರಂತೆ. ಆದ್ರೇನು! ಇನ್ಮೇಲೆ ನಮ್ಮ ಗಂಡಸರ ಮೈ ಮೇಲೆ ಕೈ ಹಾಕೋಕೆ ಮುಂಚೆ ಯೋಚ್ನೆ ಮಾಡ್ತಾರೆ ನೋಡು."

ಸಂತೋಷದಲ್ಲಿ ಪರ್ಲೀನಳ ಕೈ ಜಾರಿತು, ವಿಲೆಟಾಳ ಕಿವಿ ಚುರ್ರೆಂದಿತು. ಅಮೋಸ್ ಟಾರ್ವರ್ ಪೊಲೀಸನಾದದ್ದರಿಂದ ಟ್ಯಾಲೋ ಬೆಂಡ್ ಊರಿನ ಕಪ್ಪು ಜನಕ್ಕೆ ಆದ ಮೊದಲ ಗಾಯ ಅದು.

ಅವನಿಗೆ ಕಾರು ಕೊಟ್ಟಿರಲಿಲ್ಲ. ಬೀದಿ ಸುತ್ತಲು ಕಾಲಿತ್ತು. ಬಿಲ್ಲೆ ಇತ್ತು, ಪಿಸ್ತೂಲಿತ್ತು, ಬಿಳಿಯರನ್ನು ಬಂಧಿಸುವ ಅಧಿಕಾರ ಮಾತ್ರ ಇರಲಿಲ್ಲ. ಜಾರ್ಜಿಯಾದಲ್ಲಿ ಆಗ ಅದು ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಒಂದು ದಿನ ವಿಲೆಟಾ ಬಸ್ಸಿಗೆ ಕಾಯುತ್ತಿದ್ದಾಗ ಬಿಳಿಯನೊಬ್ಬ ಕುಡಿದು ಔಷಧಿ ಅಂಗಡಿಯ ಗಾಜಿಗೆ ಇಟ್ಟಿಗೆ ಎಸೆದ. ಅಮೋಸ್ ಓಡಿಬಂದು ಅವನೆದುರು ಟೋಪಿ ತೆಗೆದು ನಿಂತ.

"ಸಾರ್, ತಾವು ದಯವಿಟ್ಟು ಒಂದು ನಿಮಿಷ ಇಲ್ಲೇ ಇರ್ತೀರಾ? ಪೊಲೀಸ್ನೋರು ಬರ್ತಾರೆ."

"ನೀನ್ಯಾರೋ ಮತ್ತೆ?" ಎಂದ ಕುಡುಕ.

ಅಮೋಸ್ ತನ್ನ ಬಿಲ್ಲೆಯನ್ನೊಮ್ಮೆ ನೋಡಿಕೊಂಡ. ಕುಡುಕ ಅವನ ಭುಜದ ಮೇಲೆ ಕೈ ಹಾಕಿಕೊಂಡು, ಪೊಲೀಸರು ಬರುವವರೆಗೆ ತನ್ನ ಹೆಂಡತಿಯ ಕಷ್ಟ ಹೇಳಿಕೊಂಡ. ಪೊಲೀಸರು ಬಂದು ಕುಡುಕನನ್ನು ಮನೆಗೆ ಬಿಟ್ಟರು. ಗಾಜಿನ ಚೂರು ಗುಡಿಸಲು ಅಮೋಸನಿಗೆ ಹೇಳಿದರು.

ಆದರೆ ನಮ್ಮವರ ವಿಷಯದಲ್ಲಿ ಅಮೋಸನಿಗೆ ಪೂರ್ತಿ ಅಧಿಕಾರವಿತ್ತು. ಅದನ್ನು ಅವನು ಸ್ವಲ್ಪವೂ ಪೋಲು ಮಾಡಲಿಲ್ಲ. ಶನಿವಾರ ಸಂಜೆ ಠಾಣೆಯ ಬಿಳಿಯ ಕ್ಯಾಪ್ಟನ್ ಕಾರಿನಲ್ಲಿ ಕೂತು ಸಿಗರೇಟು ಸೇದುತ್ತ ನೋಡುತ್ತಿದ್ದರೆ ಅಮೋಸನ ದೊಣ್ಣೆ ಇನ್ನಷ್ಟು ಚುರುಕಾಗುತ್ತಿತ್ತು. ಮಾತಿಗೆ ಮಾತು ಕೊಟ್ಟವನ ಹಲ್ಲು ಹೋಯಿತು. ಮಾತೇ ಆಡದವನ ಮೂಗು ಹೋಯಿತು. "ಅವನಾದ್ರೂ ಏನು ಮಾಡ್ತಾನೆ ಪಾಪ? ಕ್ಯಾಪ್ಟನ್ ನೋಡ್ತಾ ಇರ್ತಾನೆ" ಎಂದು ನಮ್ಮವರೇ ಅನ್ನುತ್ತಿದ್ದರು. ಹಲ್ಲು ಕಳೆದುಕೊಂಡವನೂ ಅದನ್ನೇ ಹೇಳಿದ, ಸ್ವಲ್ಪ ತೊದಲಿಕೊಂಡು.

ಕುರ್ಚಿಗಳ ಕೆಲಸ ಶುರುವಾದದ್ದು ಆ ಕಾಲದಲ್ಲೇ. ಶನಿವಾರ ಠಾಣೆಗೆ ಹೋದ ಒಬ್ಬ ಹುಡುಗ ಹೊರಗೆ ಬಂದಾಗ ಅವನ ತಾಯಿ ಮುಖ ನೋಡಿ ಗುರುತು ಹಿಡಿಯಲಾಗದೆ ಬೂಟು ನೋಡಿ ಗುರುತು ಹಿಡಿದಳು. ಮರುವಾರ ವಿಲೆಟಾ, ಪರ್ಲೀನ್ ಮತ್ತು ಬ್ಯೂಲಾ ಎಂಬ ದೊಡ್ಡ ಮೈಯ ಹೆಂಗಸು, ಮೂವರೂ ನೆಬೊ ಬೆಟ್ಟದ ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆಯಿಂದ ಮಡಚುವ ಕುರ್ಚಿಗಳನ್ನು ಹೊತ್ತು ತಂದು ಠಾಣೆಯ ಹಿಂದಿನ ಗೇಟಿನ ಎದುರು, ಕಾಲುದಾರಿಯ ಮೇಲೆ, ಸಾಲಾಗಿ ಹಾಕಿಕೊಂಡು ಕೂತರು. ಹಿಡಿದು ತಂದವರನ್ನು ಇಳಿಸುತ್ತಿದ್ದದ್ದು ಅಲ್ಲೇ. ಕುರ್ಚಿಗಳು ಗ್ರೇಡಿ ಶವಸಂಸ್ಕಾರ ಮಂದಿರದವರು ಚರ್ಚಿಗೆ ದಾನ ಕೊಟ್ಟಂಥವು. ಒಂದೊಂದರ ಬೆನ್ನಿಗೂ ಅವರ ಹೆಸರು ದಪ್ಪಕ್ಷರದಲ್ಲಿತ್ತು. ಪೊಲೀಸರಿಗೆ ಅದನ್ನು ಓದಿಕೊಂಡೇ ಗೇಟು ದಾಟಬೇಕಾಗಿತ್ತು.

ಹೆಂಗಸರು ಕೂಗಲಿಲ್ಲ, ಘೋಷಣೆಯ ಹಲಗೆ ಹಿಡಿಯಲಿಲ್ಲ. ಹೆಣಿಗೆ ಹಾಕುತ್ತ, ಮೂಗಿನಲ್ಲೇ ಕೀರ್ತನೆ ಗುನುಗುತ್ತ ನೋಡಿದರು. ಯಾರು ಹೇಗೆ ನಡೆದುಕೊಂಡು ಒಳಗೆ ಹೋದರು, ಹೇಗೆ ಹೊರಗೆ ಬಂದರು ಎಂದು ನೋಡಿದರು, ಅಷ್ಟೆ. ಭಾನುವಾರ ಚರ್ಚಿನಲ್ಲಿ ಪ್ರಕಟಣೆಗಳ ಹೊತ್ತಿಗೆ ವಿಲೆಟಾ ಎದ್ದು ನಿಂತು, ಬುಧವಾರ ಮೀನೂಟವಿದೆ, ಬ್ರದರ್ ಹಾಸ್ಕೆಲ್ ನೆಟ್ಟಗೆ ನಡೆದು ಠಾಣೆಗೆ ಹೋದವರು ಇಬ್ಬರ ಹೆಗಲ ಮೇಲೆ ಹೊರಗೆ ಬಂದರು, ಮಕ್ಕಳ ಹಾಡಿನ ಅಭ್ಯಾಸ ಮಂಗಳವಾರಕ್ಕೆ ಹೋಗಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಕೂರುತ್ತಿದ್ದಳು. ಯಾವ ನ್ಯಾಯಾಲಯಕ್ಕೂ ಆ ವಿಷಯ ಹೋಗಲಿಲ್ಲ. ಆದರೂ ಆ ಗೇಟಿನಲ್ಲಿ ಪೆಟ್ಟು ಕಡಿಮೆಯಾಯಿತು. ಮೂವರು ಹೆಂಗಸರು ಹೆಣಿಗೆಯ ಮೇಲಿಂದ ನೋಡುತ್ತಿದ್ದರೆ ಎಂಥವನಿಗೂ ದೊಣ್ಣೆ ಎತ್ತಲು ಕೈ ಸ್ವಲ್ಪ ತಡವರಿಸುತ್ತದೆ.

ವರ್ಷಗಳು ಹೋದವು. ಬಿಳಿಯರನ್ನು ಬಂಧಿಸುವ ಅಧಿಕಾರ ಅಮೋಸನಿಗೂ ಬಂತು, ಸರಿಯಾದ ಅಳತೆಯ ಪ್ಯಾಂಟೂ ಬಂತು. ವಿಲೆಟಾಳ ಗಂಡ ಹೋಸಿಯಾ ಊರಿನ ಹತ್ತಿ ಗಿರಣಿಯ ಧೂಳು ಕುಡಿದೂ ಕುಡಿದೂ ತೀರಿಕೊಂಡ. ಕಡೆಗೆ ಗಿರಣಿಯೂ ಮುಚ್ಚಿತು. ಬಿಳಿಯ ಜನ ಒಬ್ಬೊಬ್ಬರೇ ಊರಾಚೆಯ ಹೊಸ ಬಡಾವಣೆಗಳಿಗೆ ಹೋದರು. ಓಟು ಎಣಿಸಿದ ಮೇಯರನಿಗೆ ಇದ್ದಕ್ಕಿದ್ದಂತೆ ಕಪ್ಪು ಜನರ ಮೇಲೆ ಪ್ರೀತಿ ಉಕ್ಕಿ, ಅಮೋಸ್ ಟಾರ್ವರ್ ಪೊಲೀಸ್ ಚೀಫ್ ಆದ.

ಚರ್ಚಿನ ನೆಲಮಾಳಿಗೆಯಲ್ಲಿ ದೊಡ್ಡ ಊಟ. ಅಡುಗೆ ವಿಲೆಟಾಳದೇ. ಕೋಳಿ, ಕೊಲಾರ್ಡ್ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು, ಪೀಚ್ ಹಣ್ಣಿನ ಸಿಹಿ. ವಿಲೆಟಾಳ ತಮ್ಮ ರೂಫಸ್ ಚರ್ಚಿನ ಆರ್ಗನ್ ವಾದಕ. ಅಮೋಸ್ ಚರ್ಚಿನೊಳಗೆ ಕಾಲಿಟ್ಟಾಗ ರೂಫಸ್ ಬಾರಿಸಿದ ಬಾರಿಸುವಿಕೆಗೆ ಬ್ಯೂಲಾಳ ಟೋಪಿ ತಾನಾಗಿ ಹಾರಿತೆಂದು ಜನ ಹೇಳಿದರು. ಅಮೋಸ್ ಎದ್ದು ನಿಂತು ಕಣ್ಣೊರೆಸಿಕೊಂಡ.

"ಸಿಸ್ಟರ್ಸ್, ನೀವು ಬಿಸಿಲಲ್ಲಿ, ಚಳೀಲಿ ಕೂತಿದ್ದು ನಂಗೊತ್ತು. ಇನ್ಮೇಲೆ ನಿಮ್ಮ ಕಾಲಿಗೆ ಸ್ವಲ್ಪ ವಿಶ್ರಾಂತಿ ಕೊಡಿ. ಒಳಗಡೆ ನಾನಿದ್ದೀನಿ."

ಎಲ್ಲರೂ ಅತ್ತರು. ವಿಲೆಟಾಳೂ ಅತ್ತಳು, ಅದನ್ನು ಅವಳು ಮುಚ್ಚಿಡಲಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಅವಳು ಅಭ್ಯಾಸದಂತೆ ನೆಲಮಾಳಿಗೆಗೆ ಹೋದರೆ ಪರ್ಲೀನ್ ಕುರ್ಚಿಗಳ ಮೇಲೆ ಬಟ್ಟೆ ಹೊದಿಸುತ್ತಿದ್ದಳು.

"ಇದೇನೇ?"

"ನಮ್ಮೋನ ಬಾಗಿಲ ಮುಂದೆ ನಾವೇ ಕಾವಲು ಕೂತ್ರೆ ಚೆನ್ನಾಗಿರುತ್ತೇನೇ? ಬಿಳಿಯರು ನಗಲ್ವಾ? ಅವನ ಸ್ವಂತ ಜನಾನೇ ಅವನ್ನ ನಂಬಲ್ಲ ಅಂತ?"

ವಿಲೆಟಾ ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಬೇರೆ ಯಾರ ಕಾಲದಲ್ಲೂ ಮಾಡದ ತಪ್ಪನ್ನು ಟ್ಯಾಲೋ ಬೆಂಡಿನ ಹೆಂಗಸರು ಅಂದು ಮಾಡಿದರು. ದೊಣ್ಣೆ ಹಿಡಿದವರು ಯಾರೂ ಬದಲಾಗಿರಲಿಲ್ಲ, ದೊಣ್ಣೆಯೂ ಬದಲಾಗಿರಲಿಲ್ಲ. ಮೇಲಿನ ಕೋಣೆಯಲ್ಲಿ ಕೂರುವವನ ಬಣ್ಣ ಬದಲಾಗಿತ್ತು. ಅದಕ್ಕೆ ಮರ್ಯಾದೆ ತೋರಿಸಲು ನೋಡುವುದನ್ನೇ ಬಿಟ್ಟರು. ಒಬ್ಬ ಬಿಳಿಯ ಚೀಫ್ ಬೇಡಿಕೊಂಡಿದ್ದರೂ ಇಂಥ ಉಪಕಾರ ಅವನಿಗೆ ಸಿಗುತ್ತಿರಲಿಲ್ಲ.

ಅಮೋಸನ ಫೋಟೋ ಕ್ಷೌರದಂಗಡಿಯಲ್ಲಿ ಏಸುವಿನ ಪಕ್ಕಕ್ಕೆ ಏರಿತು. ಅವನು ನಮ್ಮ ಹುಡುಗರನ್ನು ಪೊಲೀಸಿಗೆ ಸೇರಿಸಿಕೊಂಡ. ಅವರು ಹೊಸ ಸಮವಸ್ತ್ರದಲ್ಲಿ ಚರ್ಚಿಗೆ ಬಂದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ನೆಟ್ಟಗೆ ನಿಂತವನು ಡೆಲ್ಬರ್ಟ್ ವೇಡ್, ಪರ್ಲೀನಳ ಅಕ್ಕನ ಮಗ. ವಿಲೆಟಾ ಅವನಿಗೆ ಭಾನುವಾರದ ಶಾಲೆಯಲ್ಲಿ ಹತ್ತು ಆಜ್ಞೆಗಳನ್ನು ಕಲಿಸಿದ್ದಳು.

ಆ ಡೆಲ್ಬರ್ಟನೇ ಒಂದು ಶನಿವಾರ ಸಂಜೆ ರೂಫಸನ ಕಾರನ್ನು ನಿಲ್ಲಿಸಿದ್ದು. ಹಿಂದಿನ ದೀಪ ಒಡೆದಿದೆ ಎಂದ. ರೂಫಸ್ ಇಳಿದು ನೋಡಿ, "ಎಲ್ಲಿ ಮಗಾ, ಉರೀತಾ ಇದೆಯಲ್ಲ?" ಎಂದ. ಅಷ್ಟೇ ಅವನ ಅಪರಾಧ. ಠಾಣೆಗೆ ತಂದು ಹಿಂದಿನ ಗೇಟಿನಲ್ಲಿ ಇಳಿಸುವಾಗ ರೂಫಸ್ ಕಂಬಿ ಹಿಡಿದು, "ನಾನೇನು ಮಾಡ್ದೆ ಅಂತ ಮೊದಲು ಹೇಳು" ಎಂದ. ಕಂಬಿ ಹಿಡಿದ ಬಲಗೈಯ ಮೇಲೆ ಡೆಲ್ಬರ್ಟ್ ದೊಣ್ಣೆಯಿಂದ ಹೊಡೆದ. ಬೆರಳುಗಳು ಮುರಿದವು. ಎದುರಿನ ಕಾಲುದಾರಿ ಖಾಲಿಯಿತ್ತು. ಕುರ್ಚಿಗಳು ನೆಲಮಾಳಿಗೆಯಲ್ಲಿ ಬಟ್ಟೆ ಹೊದ್ದು ಮಲಗಿದ್ದವು.

ಪೊಲೀಸರು ಬರೆದುಕೊಂಡದ್ದು: ಮೆಟ್ಟಿಲಲ್ಲಿ ಎಡವಿ ಬಿದ್ದ.

ಕೈ ಹೋದದ್ದು ಒಂದು. ಆ ಬರಹ ಮಾಡಿದ್ದು ಇನ್ನೊಂದು. ನೆಟ್ಟಗಿರುವ ಮನುಷ್ಯ ಸುಮ್ಮನೆ ಮೆಟ್ಟಿಲಲ್ಲಿ ಯಾಕೆ ಬೀಳುತ್ತಾನೆ? ಶನಿವಾರ ಬೇರೆ. ಕುಡಿದಿರಬೇಕು. ನೆಬೊ ಬೆಟ್ಟದಲ್ಲಿ ಕುಡುಕ ಆರ್ಗನ್ ಮುಟ್ಟುವಂತಿಲ್ಲ. ಹುಟ್ಟಿದಾಗಿನಿಂದ ಮಜ್ಜಿಗೆಗಿಂತ ಹುಳಿಯಾದ್ದನ್ನು ಬಾಯಿಗಿಡದ ರೂಫಸನ ಹತ್ತಿರ ಚರ್ಚಿನ ಹಿರಿಯರಾದ ಡೀಕನ್‌ಗಳು ಬಂದು, "ಬ್ರದರ್, ನಿಮ್ಮ ಸಂಕಟಕ್ಕೆ ಪ್ರಾರ್ಥನೆ ಮಾಡ್ತಿದ್ದೀವಿ" ಎಂದು ಆರ್ಗನ್ನಿನ ಬೀಗದ ಕೈ ಇಸಿದುಕೊಂಡರು.

"ಅಕ್ಕಾ, ನಂಗೆ ಪರಿಹಾರ ಬೇಡ, ಏನೂ ಬೇಡ," ಎಂದ ರೂಫಸ್. ಕೈಗೆ ಕಟ್ಟಿದ ಪಟ್ಟಿ ದಿಂಬಿನಷ್ಟು ದಪ್ಪವಿತ್ತು. "ನಾನು ಬೀಳಲಿಲ್ಲ ಅಂತ ಅಮೋಸ್ ನಾಲ್ಕು ಜನರ ಮುಂದೆ ಹೇಳಿದ್ರೆ ಸಾಕು."

ವಿಲೆಟಾ ಅಮೋಸನನ್ನು ಊಟಕ್ಕೆ ಕರೆದಳು. ಅವನು ಬಂದ. ಸೊಪ್ಪಿನ ಜತೆ ಎರಡು ಸಲ ಬ್ರೆಡ್ಡು ಹಾಕಿಸಿಕೊಂಡ. ಸಿಹಿ ಬರುವವರೆಗೆ ಅವಳು ಆ ವಿಷಯ ಎತ್ತಲಿಲ್ಲ. ಹಸಿದವನ ಹತ್ತಿರ ಜಗಳ ತೆಗೆಯುವುದು ಅವಳ ಪದ್ಧತಿಯಲ್ಲ.

"ಅಮೋಸ್, ನನ್ನ ತಮ್ಮ ಬಿದ್ದನಾ?"

"ಸಿಸ್ಟರ್, ಇಲಾಖೆ ಸಮಿತಿ ವಿಚಾರಣೆ ಮಾಡಿದೆ."

"ಸಮಿತಿನ ನಾನು ಊಟಕ್ಕೆ ಕರೆದಿಲ್ಲ. ನಿನ್ನ ಕರೆದಿದ್ದೀನಿ. ಬಿದ್ದನಾ?"

ಅಮೋಸ್ ಚಮಚ ಕೆಳಗಿಟ್ಟ. "ನೀವೇ ಯೋಚ್ನೆ ಮಾಡಿ ಸಿಸ್ಟರ್. ಬಿಳಿ ಪೊಲೀಸ್ ಹೊಡೆದಾಗ ನಾನು ಶಿಕ್ಷೆ ಕೊಟ್ರೆ, ನೋಡಿ ಬಣ್ಣ ನೋಡ್ಕೊಂಡು ಮಾಡ್ತಾನೆ ಅಂತಾರೆ. ನಮ್ಮ ಹುಡುಗ ಹೊಡೆದಾಗ ಶಿಕ್ಷೆ ಕೊಟ್ರೆ, ನೋಡಿ ಇವನು ಆರಿಸಿದ ಹುಡುಗರ ಯೋಗ್ಯತೆ ಇಷ್ಟೇ ಅಂತಾರೆ. ನನ್ನ ಕುರ್ಚಿ ಹೋಗುತ್ತೆ. ಆಮೇಲೆ ಇನ್ನೊಬ್ಬ ನಮ್ಮೋನು ಆ ಜಾಗಕ್ಕೆ ಬರೋದು ಯಾವ ಕಾಲಕ್ಕೋ."

"ಅಂದ್ರೆ ಬಿಳಿಯರು ಹೊಡೆದ್ರೂ ಶಿಕ್ಷೆ ಇಲ್ಲ. ಕರಿಯರು ಹೊಡೆದ್ರೂ ಶಿಕ್ಷೆ ಇಲ್ಲ."

"ಈಗಿನ ಮಟ್ಟಿಗೆ."

"ಭಲೇ! ಇಂಥ ಸಮಾನತೆ ಬರಲಿ ಅಂತ ಎಷ್ಟು ವರ್ಷ ಪ್ರಾರ್ಥನೆ ಮಾಡಿದ್ವಿ ನೋಡು."

ಅಮೋಸ್ ನಗಲಿಲ್ಲ. "ಡೆಲ್ಬರ್ಟ್ ಒಳ್ಳೆ ಹುಡುಗ ಸಿಸ್ಟರ್. ಸಾರ್ಜೆಂಟ್ ನೋಡ್ತಾ ಇದ್ದ. ನಮ್ಮೋರಿಗೆ ಮೆತ್ತಗಾಗ್ತಾನೆ ಅಂತ ಅನ್ನಿಸ್ಕೋಬಾರ್ದು ಅಂತ..."

ಅಲ್ಲಿಗೆ ಅವನೇ ನಿಂತ. ಒಂದು ಕಾಲದಲ್ಲಿ ಕ್ಯಾಪ್ಟನ್ ಕಾರಿನಲ್ಲಿ ಕೂತು ನೋಡುತ್ತಿದ್ದಾಗ ತಾನು ಮಾಡುತ್ತಿದ್ದದ್ದನ್ನೇ ಇನ್ನೊಬ್ಬನ ಹೆಸರಿಗೆ ಹಾಕಿ ಹೇಳುತ್ತಿದ್ದೇನೆಂದು ಅವನಿಗೆ ತಟ್ಟಿರಬೇಕು. ಇಲ್ಲವೇ ಸಿಹಿ ಗಂಟಲಿಗೆ ಸಿಕ್ಕಿರಬೇಕು. ಎದ್ದು ಟೋಪಿ ಹಾಕಿಕೊಂಡ. ಉಳಿದದ್ದನ್ನು ತಟ್ಟೆಗೆ ಹಾಕಿ ಬೆಳ್ಳಿಕಾಗದ ಮುಚ್ಚಿ ಕಳಿಸಬೇಕಾದದ್ದು ಪದ್ಧತಿ. ಅಂದು ವಿಲೆಟಾ ಕಳಿಸಲಿಲ್ಲ. ಅದನ್ನು ಅವನು ಗಮನಿಸಿದ.

ಭಾನುವಾರ ಪ್ರಕಟಣೆಗಳ ಹೊತ್ತಿಗೆ ಅವಳು ಎದ್ದು, "ನನ್ನ ತಮ್ಮ ಬೀಳಲಿಲ್ಲ. ಡೆಲ್ಬರ್ಟ್ ವೇಡ್ ಅವನ ಕೈ ಮುರಿದ" ಎಂದಳು. ಇಂಥದ್ದನ್ನು ಎಷ್ಟೋ ವರ್ಷ "ಆಮೆನ್" ಎಂದು ಕೇಳಿಸಿಕೊಂಡಿದ್ದ ಸಭೆ ಅಂದು ಕೆಮ್ಮಿತು. ಪಾಸ್ಟರ್ ಮುಂದಿನ ಹಾಡಿಗೆ ಹೋದರು. ಹೊರಗೆ ಮೆಟ್ಟಿಲ ಮೇಲೆ ಪರ್ಲೀನ್ ಅವಳ ತೋಳು ಹಿಡಿದಳು.

"ಬಿಳಿಯರು ಅವನು ಬೀಳೋದನ್ನೇ ಕಾಯ್ತಾ ಇದ್ದಾರೆ ಕಣೇ. ನಾವೇ ದಬ್ಬೋದಾ?"

"ನಿನ್ನ ಅಕ್ಕನ ಮಗ ಅಂತ ಹೇಳ್ತಿದ್ದೀಯೋ, ಅಮೋಸ್ ಅಂತ ಹೇಳ್ತಿದ್ದೀಯೋ?"

"ಇಬ್ಬರೂ ನಮ್ಮೋರೇ ಅಲ್ವೇನೇ?"

"ರೂಫಸ್ ಯಾರೋರು?"

ಪರ್ಲೀನ್ ತೋಳು ಬಿಟ್ಟಳು. ಅಂದಿನಿಂದ ವಿಲೆಟಾ ತನ್ನ ಕೂದಲನ್ನು ತಾನೇ ನೆಟ್ಟಗೆ ಮಾಡಿಕೊಂಡಳು, ಅಷ್ಟೇನೂ ಚೆನ್ನಾಗಲ್ಲ.

ಮುಂದಿನ ಶನಿವಾರ ಒಂದೇ ಒಂದು ಕುರ್ಚಿ ಠಾಣೆಯ ಹಿಂದಿನ ಗೇಟಿನೆದುರು ಬಿಚ್ಚಿಕೊಂಡಿತು. ಬಿಸಿಲಿಗೆ ಟೋಪಿ, ಮಡಿಲಲ್ಲಿ ಹೆಣಿಗೆ. ಅರ್ಧ ಗಂಟೆಗೆಲ್ಲ ಚೀಫ್ ಸಾಹೇಬರೇ ಕೈಯಲ್ಲಿ ಕಾಫಿ ಹಿಡಿದುಕೊಂಡು ಹೊರಗೆ ಬಂದರು.

"ಸಿಸ್ಟರ್, ನನ್ನ ಮರ್ಯಾದೆ ತೆಗೀತಿದ್ದೀರಿ."

"ಇಲ್ಲ ಚೀಫ್. ಹೆಣಿಗೆ ಹಾಕ್ತಿದ್ದೀನಿ."

"ಪತ್ರಿಕೆಯೋರು ಫೋಟೋ ತೆಗೀತಾರೆ."

"ಹಂಗಾದ್ರೆ ಟೋಪಿ ಸರಿಯಾಗಿದೆಯಾ ನೋಡು."

"ಏನು ಬೇಕು ನಿಮಗೆ?"

"ನಿಂಗೊತ್ತು. ಒಂದೇ ಮಾತು. ಅದನ್ನ ಹೇಳು, ನಾನೇ ಕುರ್ಚಿ ಮಡಚ್ತೀನಿ."

ಕಾಫಿ ಆರಿತು. ಅವನು ಅದನ್ನು ಹಿಡಿದುಕೊಂಡೇ ಒಳಗೆ ಹೋದ.

ಮರುವಾರ ಬ್ಯೂಲಾ ತನ್ನ ಮೆತ್ತೆಯ ಸಮೇತ ಬಂದಳು, ಅದರ ಮರುವಾರ ಇನ್ನಿಬ್ಬರು. ಆಮೇಲೆ ಊರಿನಲ್ಲಿ ಹೊಸದೊಂದು ಆಜ್ಞೆ ಹೊರಟಿತು: ಸಾರ್ವಜನಿಕರ ಓಡಾಟಕ್ಕೆ ಅಡ್ಡಿಯಾಗುವುದರಿಂದ ಕಾಲುದಾರಿಯ ಮೇಲೆ ಕುರ್ಚಿ, ಸ್ಟೂಲು, ಬೆಂಚು ಹಾಕಕೂಡದು. ಬಿಳಿಯ ಚೀಫ್‌ಗಳೆಲ್ಲ ಅಷ್ಟು ವರ್ಷ ಹಲ್ಲು ಕಡಿದುಕೊಂಡು ಸಹಿಸಿದ್ದ ಕುರ್ಚಿಯನ್ನು ನಿಷೇಧಿಸಲು ನಮ್ಮವನೇ ಬರಬೇಕಾಯಿತು. ಬಿಳಿಯರು ಅದನ್ನು ಮಾಡಿದ್ದರೆ ಊರು ಹೊತ್ತಿ ಉರಿಯುತ್ತಿತ್ತು. ಅಮೋಸ್ ಮಾಡಿದಾಗ ಪಾಸ್ಟರ್, "ಓಡಾಟಕ್ಕೆ ಸ್ವಲ್ಪ ಅಡ್ಡಿಯಾಗ್ತಿದ್ದದ್ದು ನಿಜವೇ" ಎಂದರು.

ಶನಿವಾರ ಗೇಟಿನಲ್ಲಿ ಒಬ್ಬ ಎಳೆಯ ಬಿಳಿ ಪೊಲೀಸನನ್ನು ಆಜ್ಞೆ ಹಿಡಿಸಿ ನಿಲ್ಲಿಸಿದ್ದರು. ಗ್ರೇಡಿ ಶವಸಂಸ್ಕಾರ ಮಂದಿರದ ಕಪ್ಪು ಕಾರು ಬಂದು ನಿಂತಿತು. ಒಳಗಿನಿಂದ ಬ್ಯೂಲಾ ಇಳಿದಳು, ಗಾಲಿಕುರ್ಚಿಯಲ್ಲಿ. ಹಿಂದೆಯೇ ಇನ್ನೊಂದು ಗಾಲಿಕುರ್ಚಿ, ಅದರಲ್ಲಿ ವಿಲೆಟಾ. ಹೆಣದ ಜತೆ ಬರುವ ಮುದುಕರಿಗಾಗಿ ಗ್ರೇಡಿಯವರು ಇಟ್ಟುಕೊಂಡಿದ್ದ ಗಾಲಿಕುರ್ಚಿಗಳು ಆ ವಾರ ಖಾಲಿಯಿದ್ದವು.

"ಅಮ್ಮಾ, ಕುರ್ಚಿ ಹಾಕಂಗಿಲ್ಲ," ಎಂದ ಪೊಲೀಸ.

"ಹಾಕಿಲ್ಲ ಮಗಾ. ಇದು ಓಡಾಡುತ್ತೆ," ಎಂದಳು ಬ್ಯೂಲಾ, ಅವನ ಬೂಟಿನ ಕಡೆಗೆ ಒಂದು ಗೇಣು ಓಡಾಡಿಸಿ ತೋರಿಸಿದಳು.

"ಆದ್ರೆ ನೀವು ನಡೀತೀರಲ್ಲ? ನಿನ್ನೆ ಮಾರುಕಟ್ಟೇಲಿ ನೋಡ್ದೆ."

"ದೇವರ ಕೃಪೆ. ಒಂದೊಂದು ದಿನ ಇರುತ್ತೆ, ಒಂದೊಂದು ದಿನ ಇರಲ್ಲ. ಶನಿವಾರ ಯಾಕೋ ಇರಲ್ಲ ಕಣಪ್ಪ."

ಅವನು ಆಜ್ಞೆಯನ್ನು ಎರಡು ಸಲ ಓದಿದ. ಗಾಲಿಯ ವಿಷಯ ಅದರಲ್ಲಿ ಇರಲಿಲ್ಲ. ಕುಂಟಿಯರನ್ನು ಎಳೆದು ಕೆಳಗೆ ಹಾಕಿದ ಫೋಟೋ ಪತ್ರಿಕೆಯಲ್ಲಿ ಬಂದರೆ ಹೇಗಿರುತ್ತದೆಂದು ಮೇಲಿನ ಕೋಣೆಯಲ್ಲಿ ಅಮೋಸನೂ ಯೋಚಿಸಿರಬೇಕು. ಯಾರೂ ಏನೂ ಮಾಡಲಿಲ್ಲ. ಶನಿವಾರಗಳಂದು ಆ ಗೇಟಿನಲ್ಲಿ ಜನ ಮತ್ತೆ ಮೆಟ್ಟಿಲಿನಿಂದ ಬೀಳುವುದು ಕಡಿಮೆಯಾಯಿತು. ಮೆಟ್ಟಿಲು ಮಾತ್ರ ಅವೇ.

ಆದರೆ ರೂಫಸ್ ಕೇಳಿದ್ದ ಆ ಒಂದು ಮಾತು ಅಮೋಸನ ಬಾಯಿಂದ ಹೊರಗೆ ಬರಲಿಲ್ಲ. ಮೂಳೆ ಕೂಡಿಕೊಂಡರೂ ಬೆರಳುಗಳು ಮಡಚಿಕೊಂಡೇ ಉಳಿದವು. ಅವನು ನೆಬೊ ಬೆಟ್ಟ ಬಿಟ್ಟು ನದಿಯಾಚೆಯ ಸಣ್ಣ ಚರ್ಚಿಗೆ ಹೋಗಿ ಎಡಗೈಯಲ್ಲಿ ಪಿಯಾನೋ ಬಾರಿಸಿದ. ಅಲ್ಲಿಯೂ ಯಾರೋ, "ಕುಡಿಯೋದು ಬಿಟ್ಟಿದ್ದಾನಂತೆ, ಒಳ್ಳೇದಾಯ್ತು" ಎಂದರು. ಬಿಡಲು ತನ್ನ ಹತ್ತಿರ ಏನೂ ಇರಲಿಲ್ಲವೆಂದು ಅವನು ಎಷ್ಟು ಜನಕ್ಕೆ ಹೇಳಿಯಾನು?

ಅಮೋಸ್ ಹಾರ, ಫಲಕ, ಚಿನ್ನದ ಬಣ್ಣದ ಗಡಿಯಾರ ತೆಗೆದುಕೊಂಡು ನಿವೃತ್ತನಾದ. ಅವನ ಜಾಗಕ್ಕೆ ಹೊರಗಿನ ಊರಿನಿಂದ ಒಬ್ಬ ಬಿಳಿಯ ಬಂದ. ಡೆಲ್ಬರ್ಟ್ ವೇಡ್ ಇನ್ನೊಬ್ಬನ ದವಡೆ ಮುರಿದಾಗ ಈ ಹೊಸಬ ಅವನನ್ನು ಕೆಲಸದಿಂದ ತೆಗೆದ. ಆಗ ನೋಡಬೇಕಿತ್ತು ನೆಬೊ ಬೆಟ್ಟದ ಸಿಟ್ಟು! ಕರಿಯ ಎಂದೇ ತೆಗೆದದ್ದು ಎಂದು ಮೆರವಣಿಗೆ ಹೊರಟಿತು. ಪಾಸ್ಟರ್ ಮುಂದೆ, ಪರ್ಲೀನ್ ಹಲಗೆ ಹಿಡಿದು ಹಿಂದೆ. ದವಡೆ ಮುರಿಸಿಕೊಂಡವನೂ ಕರಿಯನೇ. ಅವನು ಬಾಯಿಗೆ ತಂತಿ ಹಾಕಿಸಿಕೊಂಡಿದ್ದರಿಂದ ಅವನ ಅಭಿಪ್ರಾಯ ತಿಳಿಯಲಿಲ್ಲ. ಮರುವರ್ಷ ಬಿಳಿಯ ಪೊಲೀಸನೊಬ್ಬ ಹೊಡೆದಾಗ ಅದೇ ಹೊಸ ಚೀಫ್, ಬಲಪ್ರಯೋಗ ಅಗತ್ಯವಾಗಿತ್ತು ಎಂದು ಬರೆದ. ಅವನಿಗೂ ಕನ್ನಡಿಯಲ್ಲಿ ಕಾಣುವ ಬಣ್ಣದವರ ಮೇಲೆ ಸ್ವಲ್ಪ ಕರುಣೆ ಇದ್ದಿರಬೇಕು. ಮೆರವಣಿಗೆಗೆ ಹೋಗದ ವಿಲೆಟಾ ಆಗಲೂ ಶನಿವಾರ ತಪ್ಪದೆ ಗೇಟಿನೆದುರು ಗಾಲಿಕುರ್ಚಿಯಲ್ಲಿ ಕೂರುತ್ತಿದ್ದಳು. ಅಷ್ಟು ಹೊತ್ತಿಗೆ ಅವಳಿಗೆ ಅದು ನಿಜವಾಗಿಯೂ ಬೇಕಾಗಿತ್ತು.

ಅಮೋಸನಿಗೆ ಹೊಟ್ಟೆಯ ರೋಗ ಬಂತೆಂದು ಸುದ್ದಿ ಹಬ್ಬಿದ ವರ್ಷ ಅವನ ಮಗಳು ನವೋಮಿ ಫೋನು ಮಾಡಿದಳು. "ಮದರ್ ವಿಲೆಟಾ, ಡ್ಯಾಡಿ ನಿಮ್ಮನ್ನ ಕೇಳ್ತಿದ್ದಾರೆ." ವಯಸ್ಸಾದ ವಿಲೆಟಾ ಆಗ ಇಡೀ ಚರ್ಚಿಗೆ ಮದರ್ ಆಗಿದ್ದಳು.

ವಿಲೆಟಾ ಹೋದಳು. ಮುಂದಿನ ಕೋಣೆ ತುಂಬ ಜನ. ಡೀಕನ್‌ಗಳು, ಪಾಸ್ಟರ್, ನಗರಸಭೆಯ ಇಬ್ಬರು. ಠಾಣೆಯ ಬೀದಿಗೆ ಅಮೋಸ್ ಟಾರ್ವರ್ ರಸ್ತೆ ಎಂದು ಹೆಸರಿಡುವುದೋ, ಅಮೋಸ್ ಜೆ. ಟಾರ್ವರ್ ರಸ್ತೆ ಎನ್ನುವುದೋ ಎಂಬ ಚರ್ಚೆ ನಡೆದಿತ್ತು. ಅವಳನ್ನು ಕಂಡು ಎಲ್ಲರೂ ಎದ್ದು ನಿಂತರು. ನವೋಮಿ ಅವಳನ್ನು ಒಳಕೋಣೆಗೆ ತಳ್ಳಿಕೊಂಡು ಹೋಗಿ ಬಿಟ್ಟಳು.

ಹಾಸಿಗೆಗೆ ಈಗ ಅವನು ಉದ್ದವಾಗುತ್ತಿರಲಿಲ್ಲ. ಮೈ ಅರ್ಧಕ್ಕಿಳಿದಿತ್ತು.

"ಏನಾದ್ರೂ ತಂದಿದ್ದೀರಾ ತಿನ್ನೋಕೆ?"

"ತಂದ್ರೂ ತಿನ್ನೋ ಹಂಗಿಲ್ವಂತಲ್ಲ."

"ವಾಸನೆ ನೋಡ್ಬಹುದಿತ್ತು." ಅವಳ ಕಡೆ ಹೊರಳಿದ. "ರೂಫಸ್ ಹೆಂಗಿದ್ದಾನೆ?"

"ಇದ್ದಾನೆ. ಎಡಗೈಲಿ ಊಟ ಮಾಡ್ತಾನೆ, ಎಡಗೈಲಿ ಬಾರಿಸ್ತಾನೆ. ಇವತ್ತಿಗೂ ಅವನು ಬಾಯಿ ತೆಗೆದ್ರೆ ಜನ ಹತ್ತಿರ ಬಗ್ಗಿ ವಾಸನೆ ನೋಡ್ತಾರೆ."

ಅಮೋಸ್ ಚಾವಣಿ ನೋಡಿದ. "ಆ ಸಂಜೆ ನಾನು ಮೇಲಿನ ಕಿಟಕಿಯಲ್ಲಿದ್ದೆ ಸಿಸ್ಟರ್."

ಅವನಿಗೆ ಆಮೇಲೆ ಯಾರೋ ಹೇಳಿ ಗೊತ್ತಾದದ್ದು, ಕಣ್ಣಾರೆ ಕಂಡದ್ದಲ್ಲ ಎಂದು ವಿಲೆಟಾ ಇಷ್ಟು ವರ್ಷ ಅಂದುಕೊಂಡಿದ್ದಳು. ಅವನ ಪಾಲಿಗೆ ಅಷ್ಟನ್ನಾದರೂ ಉಳಿಸಿಟ್ಟಿದ್ದಳು.

"ಎಲ್ಲಾ ಕಂಡಿತ್ತು," ಎಂದ ಅವನು. "ಅವನು ಬೀಳಲಿಲ್ಲ."

"ಇದನ್ನ ನಂಗೆ ಹೇಳಿ ಏನು ಉಪಯೋಗ? ನಂಗೆ ಮೊದಲಿಂದ್ಲೂ ಗೊತ್ತು."

"ಗೊತ್ತು. ಅದಕ್ಕೇ ಸರಿಯಾಗಿ, ಪೂರ್ತಿ ಹೇಳ್ಬೇಕು ಅಂತ ಕರೆಸಿದೆ. ಅವನ ಕ್ಷಮೆ ಕೇಳ್ಬೇಕು."

"ಕೇಳು. ಪಾಸ್ಟರ್ ಇದ್ದಾರೆ, ಡೀಕನ್‌ಗಳಿದ್ದಾರೆ, ನಗರಸಭೆ ಇದೆ. ಆರ್ಗನ್ ಬೀಗದ ಕೈ ಇಸ್ಕೊಂಡೋರು ಅಲ್ಲೇ ಸೋಫಾ ಮೇಲೆ ಕೂತಿದ್ದಾರೆ. ಅವರಿಗೆಲ್ಲ ಕೇಳೋ ಹಂಗೆ ಗಟ್ಟಿಯಾಗಿ ಹೇಳು ಅಮೋಸ್. ಅಷ್ಟು ಉಸಿರು ಇನ್ನೂ ಇದೆ ನಿಂಗೆ."

ಮುಂದಿನ ಕೋಣೆಯಲ್ಲಿ ಯಾರೋ ಹೆಸರಿನ ಮಧ್ಯದ ಅಕ್ಷರ ಇರಲೇಬೇಕು, ಅದರಲ್ಲೇ ಗಾಂಭೀರ್ಯ ಎನ್ನುತ್ತಿದ್ದರು. ಅಮೋಸ್ ಮೊಣಕೈ ಊರಿ ಏಳಲು ನೋಡಿದ. ವಿಲೆಟಾ ಅವನ ಬೆನ್ನಿಗೆ ದಿಂಬು ಕೊಟ್ಟಳು. ಅವನು ಒಮ್ಮೆ ಆ ಮಾತು ಬರುವ ಕಡೆ ನೋಡಿದ, ಒಮ್ಮೆ ಅವಳನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

"ಹೇಳ್ತೀನಿ ಸಿಸ್ಟರ್," ಎಂದ. "ಮೊದಲು ಆ ಬಾಗಿಲು ಸ್ವಲ್ಪ ಹಾಕ್ತೀರಾ?"